ಲಿಂಡಾವ್ ಸುವಾರ್ತೆಯ ಚಿನ್ನದ ರಟ್ಟು: ಬಡಿಯುವುದು, ಕಾಯಿಸುವುದು

ಲಿಂಡಾವ್ ಸುವಾರ್ತೆ ಅಂದರೆ ಬೈಬಲ್ಲಿನ ಸುವಾರ್ತೆಗಳ ಕೈಬರಹದ ಪುಸ್ತಕ. ಇಸವಿಗಳನ್ನು ಬೇಗ ಮುಗಿಸಿಬಿಡೋಣ. ಪುಸ್ತಕ ಒಂದೇ, ಹುಟ್ಟು ಮಾತ್ರ ಮೂರು ಕಡೆ. ಹಿಂಬದಿಯ ರಟ್ಟು 8ನೇ ಶತಮಾನದ ಕೊನೆಯದು: ಚಿನ್ನದ ಲೇಪದ ಬೆಳ್ಳಿ, ಎನಾಮೆಲ್ (ಕರಗಿಸಿ ಕೂರಿಸಿದ ಬಣ್ಣದ ಗಾಜು). ಒಳಗಿನ ಹಾಳೆಗಳನ್ನು 9ನೇ ಶತಮಾನದ ಕೊನೆಗೆ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದಲ್ಲಿ ಬರೆದರು. ಮುಂಬದಿಯ ರಟ್ಟು ಸುಮಾರು 870–880ರದ್ದು, ಫ್ರಾಂಕರ ರಾಜ ಚಾರ್ಲ್ಸ್ ದಿ ಬಾಲ್ಡ್‌ನ ಆಸ್ಥಾನದ ಶೈಲಿ. 1901ರಲ್ಲಿ ಅಮೆರಿಕದ ಬ್ಯಾಂಕರ್ ಜೆ.ಪಿ. ಮಾರ್ಗನ್ ಪುಸ್ತಕವನ್ನು ಕೊಂಡರು, ಈಗ ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿದೆ. ಈ ಟಿಪ್ಪಣಿ ಮುಂಬದಿಯ ರಟ್ಟಿನದ್ದು.

ನಡುವೆ ಶಿಲುಬೆಯ ಮೇಲೆ ಏಸು, ಕಣ್ಣು ತೆರೆದೇ ಇವೆ. ಮೇಲ್ಗಡೆ ಸೂರ್ಯ, ಚಂದ್ರ ದುಃಖದಿಂದ ಮುಖ ಮುಚ್ಚಿಕೊಂಡಿದ್ದಾರೆ. ಇದು ಎರಕವಲ್ಲ, ತೆಳು ಚಿನ್ನದ ತಗಡು. ತಗಡನ್ನು ರಾಳದಂಥ ಮೆತ್ತನೆಯ ಹಾಸಿನ ಮೇಲೆ ಕವುಚಿ ಹಾಕಿ, ಹಿಂಬದಿಯಿಂದ ಮೊಂಡು ಉಳಿ ಇಟ್ಟು ತಟ್ಟುತ್ತಾರೆ. ಆಮೇಲೆ ತಿರುಗಿಸಿ ಕಣ್ಣು, ಬಟ್ಟೆಯ ನೆರಿಗೆ ತಿದ್ದುತ್ತಾರೆ.

ತಲೆ ಕೆಡುವುದು ಬೆಂಕಿಯ ಹತ್ತಿರ. ಕಮ್ಮಾರ ಕಬ್ಬಿಣ ಕೆಂಪಗಿರುವಾಗಲೇ ಬಡಿಯುತ್ತಾನೆ. ಇಲ್ಲಿ ಹಾಗಲ್ಲ, ಬಡಿಯುವುದು ಚಿನ್ನ ತಣ್ಣಗಿರುವಾಗ. ಬಡಿದಷ್ಟೂ ಅದು ಪೆಡಸಾಗುತ್ತದೆ. ಹಾಗೇ ಮುಂದುವರಿಸಿದರೆ ಬಿರಿಯುತ್ತದೆ. ಆದ್ದರಿಂದ ಹಾಸಿನಿಂದ ಬಿಡಿಸಿ ಕಾಯಿಸಬೇಕು, ಆರಿಸಬೇಕು, ಮತ್ತೆ ಬಡಿಯಬೇಕು. ಉಕ್ಕನ್ನು ಕಾಯಿಸಿ ನೀರಿಗದ್ದಿದರೆ ಗಟ್ಟಿಯಾಗುತ್ತದಲ್ವಾ, ಆ ಲೆಕ್ಕ ಚಿನ್ನಕ್ಕೆ ನಡೆಯುವುದಿಲ್ಲ. ಶುದ್ಧ ಚಿನ್ನ ಕಾಯಿಸಿದರೆ ಮೆತ್ತಗಾಗುತ್ತದೆ, ನೀರಿಗದ್ದಿದರೂ ಮೆತ್ತಗೇ ಇರುತ್ತದೆ. ಬಡಿತದಲ್ಲಿ ಚಿನ್ನದ ಒಳಗಿನ ಸಣ್ಣ ಸ್ಫಟಿಕಗಳು ತಿರುಚಿಕೊಂಡಿರುತ್ತವೆ. ಶಾಖ ತಗುಲಿದಾಗ ಹೊಸ ಸ್ಫಟಿಕಗಳು ಹುಟ್ಟುತ್ತವೆ, ಅಷ್ಟೇ. ನಾನು ನೆನಪಿಟ್ಟುಕೊಂಡದ್ದು ಹೀಗೆ: ಕಮ್ಮಾರ ಕಾಯಿಸಿ ಬಡಿಯುತ್ತಾನೆ, ಅಕ್ಕಸಾಲಿಗ ಬಡಿದು ಕಾಯಿಸುತ್ತಾನೆ.

ಇನ್ನೊಂದು ವಿಷಯ. ಉಬ್ಬಿದ ಕಡೆ ಹೊಸ ಚಿನ್ನವೇನೂ ಬಂದು ಸೇರುವುದಿಲ್ಲ, ಇದ್ದದ್ದೇ ಹಿಗ್ಗುತ್ತದೆ. ಹಾಗಾಗಿ ಎಲ್ಲಿ ಜಾಸ್ತಿ ಉಬ್ಬಿದೆಯೋ ಅಲ್ಲೇ ತಗಡು ಜಾಸ್ತಿ ತೆಳು. ತುಂಬ ಎತ್ತರಕ್ಕೆ ಹೋಗಲು ಅಕ್ಕಸಾಲಿಗ ಹಿಂಜರಿಯುವುದು ಇದಕ್ಕೇ.

ರಟ್ಟಿನ ಮೇಲೆ ಕೂರಿಸಿದ ರತ್ನದ ಹರಳುಗಳ ಮಾತು ಸ್ವಲ್ಪ. ಇವನ್ನು ಚಪ್ಪಟೆ ಬದಿಗಳು ಬರುವಂತೆ ಕತ್ತರಿಸಿಲ್ಲ, ಉರುಟಾಗಿ ತಿಕ್ಕಿ ನಯ ಮಾಡಿದ್ದಾರೆ. ದೊಡ್ಡ ಹರಳುಗಳನ್ನು ಪುಟ್ಟ ಕಮಾನುಗಳ ಮೇಲೆ, ಹತ್ತಿರಹತ್ತಿರ ಒಂದಿಂಚು ಎತ್ತರಕ್ಕೆ ಕೂರಿಸಿದ್ದಾರೆ. ಸುಮ್ನೆ ಅಂದಕ್ಕಲ್ಲ. ಕಮಾನುಗಳ ಸಂದಿನಿಂದ ಒಳಹೊಕ್ಕ ಬೆಳಕು ಕೆಳಗಿನ ಚಿನ್ನಕ್ಕೆ ಬಡಿದು ಹರಳಿನೊಳಗಿಂದ ಮೇಲೆ ಬರುತ್ತದೆ. ಸೇಂಟ್ ಎಮ್ಮೆರಾಮ್ ಮಠದ ಚಿನ್ನದ ಪುಸ್ತಕ (870ರ ಸುವಾರ್ತೆ, ಈಗ ಮ್ಯೂನಿಕ್‌ನಲ್ಲಿದೆ) ಇದರ ಹತ್ತಿರದ ನೆಂಟ. ಹೋಲಿಸುವಾಗ ಮುಖಗಳಿಗಿಂತ ಮೊದಲು ಹರಳಿನ ಗೂಡುಗಳನ್ನು ನೋಡಿ, ಅಲ್ಲೂ ಇಂಥದೇ ಕಟ್ಟಡದಂಥ ಕೆಲಸವಿದೆ.