ನೂರರ ನೋಟಿಗೆ ಎರಡು ನಂಬರು

ಗಾಂಧಿ ಬಜಾರಿನಲ್ಲಿ ಸೇವಂತಿಗೆ ಕೊಂಡಾಗ ಚಿಲ್ಲರೆ ಜೊತೆ ಒಂದು ನೂರರ ನೋಟು ಬಂತು. ನಡುವೆ ಮೇಲಿಂದ ಕೆಳಗಿನ ತನಕ ಟೇಪು. 'ಬೇರೆ ಕೊಡಿ' ಅನ್ನುವಷ್ಟರಲ್ಲಿ ಹೂವಿನಮ್ಮ ಮುಂದಿನ ಗಿರಾಕಿಗೆ ಮೊಳ ಹಾಕುತ್ತಿದ್ದರು. ಮನೆಗೆ ಬಂದು ನೋಡಿದರೆ ಎಡಗಡೆ ಮೇಲಿನ ನಂಬರು 314ಕ್ಕೆ ಮುಗಿಯುತ್ತದೆ, ಬಲಗಡೆ ಕೆಳಗಿನದು 317ಕ್ಕೆ. ಅಂದ್ರೆ ಇದು ಒಂದು ನೋಟಲ್ಲ, ಎರಡು ನೋಟಿನ ಅರ್ಧರ್ಧ.

ಯಾರು ಅಂಟಿಸಿದ್ದು? ಪಕ್ಕದ ಮನೆಯವರ ಉತ್ತರ ಸಿದ್ಧವಿತ್ತು. "ನೋಟಲ್ಲಿ ಜಿಪಿಎಸ್ ಚಿಪ್ ಇರತ್ತಲ್ಲ, ಬ್ಯಾಂಕಿನವರಿಗೆ ಎಲ್ಲಾ ಗೊತ್ತಾಗತ್ತೆ." ಅಯ್ಯೋ ರಾಮ! ಈ ಕತೆ ಹುಟ್ಟಿದ್ದು 2016ರಲ್ಲಿ, ಎರಡು ಸಾವಿರದ ನೋಟಿನ ಜೊತೆ. ಆ ನೋಟನ್ನೇ 2023ರಲ್ಲಿ ವಾಪಸ್ ಕರೆಸಿಕೊಂಡರೂ ಕತೆ ಮಾತ್ರ ಸತ್ತಿಲ್ಲ. ಜಿಪಿಎಸ್ ಉಪಗ್ರಹ ಸುಮಾರು 20,000 ಕಿಲೋಮೀಟರ್ ಮೇಲಿಂದ ರೇಡಿಯೋ ಸ್ಟೇಷನ್ನಿನ ಥರ ತನ್ನ ಜಾಗ, ಸಮಯ ಹೇಳುತ್ತಾ ಹೋಗುತ್ತದೆ, ಅಷ್ಟೆ. ಯಾರನ್ನೂ ಹುಡುಕುವುದಿಲ್ಲ. ಅದನ್ನು ಕೇಳಿಸಿಕೊಂಡು, ಲೆಕ್ಕ ಹಾಕಿ, ಸುದ್ದಿ ಮುಟ್ಟಿಸಲು ಬ್ಯಾಟರಿ ಬೇಕು. ಹತ್ತಿ ನಾರಿನ ಕಾಗದದಲ್ಲಿ ಬ್ಯಾಟರಿ ಎಲ್ಲಿಡ್ತೀರಿ?

ನೋಟಿಗೆ ಇರುವ ನೆನಪು ಅದರ ನಂಬರು ಮಾತ್ರ. ಅದಕ್ಕೆ ಹುಟ್ಟು ಗೊತ್ತು, ಓಡಾಟ ಗೊತ್ತಿಲ್ಲ. ಹೂವಿನಮ್ಮನ ಡಬ್ಬಿಗೆ ಈ ನೋಟು ಆ ದಿನದ ಇಪ್ಪತ್ತು ಗಿರಾಕಿಗಳಲ್ಲಿ ಯಾರಿಂದಲಾದರೂ ಬಂದಿರಬಹುದು. ಆ ಒಬ್ಬೊಬ್ಬರಿಗೂ ಇಪ್ಪತ್ತು ಕೈ. ಹೀಗೆ ಬರೀ ಐದು ಮೆಟ್ಟಿಲು ಹಿಂದೆ ಹೋದರೆ 32 ಲಕ್ಷ ದಾರಿ! ಸಾರು ಕುದಿದ ಮೇಲೆ ಈ ಉಪ್ಪು ಯಾವ ಹರಳಿನದು ಅಂತ ಕೇಳಿದ ಹಾಗೆ. ಮೆಜೆಸ್ಟಿಕ್‌ನಲ್ಲಿ ನಡೆದು ಹೋಗುವವನ ಬೆನ್ನು ನೋಡಿ ಯಾವ ಬಸ್ಸಿಂದ ಇಳಿದ ಅಂತ ಹೇಳಿದ ಹಾಗೆ. ಬಸ್ಸಿಂದ ಇಳಿದಾಗಲೇ ಬೆನ್ನು ಹತ್ತಿದ್ದರೆ ಸುಲಭ, ಅಲ್ವಾ?

ಅಮೆರಿಕದಲ್ಲಿ ಹ್ಯಾಂಕ್ ಎಸ್ಕಿನ್ ಎಂಬಾತ ಮಾಡಿದ್ದು ಅದನ್ನೇ. 1998ರಲ್ಲಿ ಆತ ಶುರು ಮಾಡಿದ 'ವೇರ್ಸ್ ಜಾರ್ಜ್' ಆಟದಲ್ಲಿ ಜನ ಡಾಲರ್ ನೋಟಿನ ನಂಬರು ಬರೆದಿಟ್ಟು, ಗುರುತು ಹಾಕಿ ಹೊರಗೆ ಬಿಡುತ್ತಾರೆ. ಸಿಕ್ಕವರು ಯಾವ ಊರಲ್ಲಿ ಸಿಕ್ಕಿತು ಅಂತ ದಾಖಲಿಸುತ್ತಾರೆ. 2006ರಲ್ಲಿ ಡಿರ್ಕ್ ಬ್ರಾಕ್‌ಮನ್ ಮತ್ತು ಜೊತೆಗಾರರು ಇಂಥ ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ನೋಟುಗಳ ಜಾಡು ಹಿಡಿದು 'ನೇಚರ್' ಪತ್ರಿಕೆಯಲ್ಲಿ ಬರೆದರು. ಹೆಚ್ಚಿನವು ಅಲ್ಲಲ್ಲೇ ಸುತ್ತುತ್ತವೆ, ಕೆಲವು ಒಮ್ಮೆಲೇ ದೂರಕ್ಕೆ ಹಾರುತ್ತವೆ. ಸೋಂಕು ಹೊತ್ತ ಮನುಷ್ಯರೂ ಹೀಗೇ ತಿರುಗುತ್ತಾರೆ ಎನ್ನುವುದೇ ಅವರ ಆಸಕ್ತಿ.

ನಮ್ಮ ಲೋಕಾಯುಕ್ತದವರ ಲಂಚದ ಬಲೆಯೂ ಇದೇ ಜಾತಿ. ನಂಬರು ಮೊದಲೇ ಬರೆದುಕೊಂಡಿರುತ್ತಾರೆ. ನೋಟಿಗೆ ಫಿನಾಫ್ತಲೀನ್ ಪುಡಿ ಸವರಿರುತ್ತಾರೆ. ಮುಟ್ಟಿದ ಬೆರಳನ್ನು ಸೋಡಿಯಂ ಕಾರ್ಬೊನೇಟ್ ನೀರಿಗೆ ಅದ್ದಿಸಿದರೆ ನೀರು ಗುಲಾಬಿ! ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಜಾರಿಲ್ಲ. ಈ ಅಣು ಮಡಚಿಟ್ಟ ಕೊಡೆಯಂತೆ. ಮಡಚಿದಾಗ ಬಣ್ಣವಿಲ್ಲ. ಕ್ಷಾರದ ನೀರು ಅದರಿಂದ ಹೈಡ್ರೋಜನ್ ಕಿತ್ತುಕೊಂಡಾಗ ಕೊಡೆ ಬಿಚ್ಚಿಕೊಳ್ಳುತ್ತದೆ. ಒಂದೊಂದು ಕೋಣೆಯಲ್ಲಿ ಕೂಡಿಹಾಕಿದ್ದ ಎಲೆಕ್ಟ್ರಾನುಗಳಿಗೆ ಗೋಡೆ ಒಡೆದು ಹಾಲ್ ಸಿಕ್ಕಂತಾಗುತ್ತದೆ. ಆಗ ಅವು ಹಸಿರು ಬೆಳಕನ್ನು ನುಂಗುತ್ತವೆ, ನಮ್ಮ ಕಣ್ಣಿಗೆ ಉಳಿದದ್ದು ಗುಲಾಬಿ. ಅರಿಶಿನಕ್ಕೆ ಸುಣ್ಣ ಬಿದ್ದಾಗ ಓಕುಳಿ ಕೆಂಪಾಗುವುದಿಲ್ಲವೇ, ಅದರ ದಾಯಾದಿ ಇದು.

ನನ್ನ ನೋಟಿಗೆ ಪುಡಿಯೂ ಇಲ್ಲ, ಮುದ್ರೆಯೂ ಇಲ್ಲ. ಬೇಕಂತಲೇ ಕತ್ತರಿಸಿದ್ದೇ? 19ನೇ ಶತಮಾನದಲ್ಲಿ ನಮ್ಮ ದೇಶದಲ್ಲೂ ಹಾಗೆ ಮಾಡುತ್ತಿದ್ದರು. ಟಪಾಲಿನಲ್ಲಿ ಕಳ್ಳತನದ ಭಯ. ಅರ್ಧ ನೋಟು ಮೊದಲು ಕಳಿಸಿ, ಮುಟ್ಟಿತು ಅಂತ ಕಾಗದ ಬಂದ ಮೇಲೆ ಇನ್ನರ್ಧ. ಎರಡು ಕಡೆ ನಂಬರು ಇರುವುದರ ಉಪಯೋಗ ಆಗ ಗೊತ್ತಾಗುತ್ತಿತ್ತು.

ಆದರೆ ಇಲ್ಲಿ ಎರಡು ನಂಬರು ಬೇರೆ ಬೇರೆ. ಭೂತಗನ್ನಡಿ ಹಿಡಿದು ಮತ್ತೆ ನೋಡಿದೆ. ಮೊದಲ ಮೂರು ಅಕ್ಷರ-ಅಂಕಿ ಒಂದೇ, ಕೊನೆಯ ಅಂಕಿ ಬಿಟ್ಟರೆ ಉಳಿದದ್ದೆಲ್ಲ ಒಂದೇ. ಬೇರೆ ಬೇರೆ ಕಡೆಯಿಂದ ಬಂದ ಎರಡು ಹರಕು ನೋಟಿನ ನಂಬರು ಇಷ್ಟು ಹತ್ತಿರ ಬೀಳುವ ಸಂಭವ ಇಲ್ಲವೇ ಇಲ್ಲ ಅನ್ನಬಹುದು. ಹೊಸ ಕಟ್ಟಿನಲ್ಲಿ ನೂರು ನೋಟು ಸಾಲಾಗಿ ಇರುತ್ತವೆ. ಅಂದರೆ ಹರಿದಾಗ ಇವು ಒಂದೇ ಕಟ್ಟಿನಲ್ಲಿ, ಒಂದೇ ಕೈಯಲ್ಲಿ ಇದ್ದವು. ತುಂಡುಗಳು ಚೆಲ್ಲಾಪಿಲ್ಲಿಯಾಗಿರಬೇಕು, ಅಂಟಿಸುವವರು ಅವಸರದಲ್ಲಿ ಅದಲುಬದಲು ಮಾಡಿರಬೇಕು. ಹಾಗಿದ್ದರೆ ಎಡಕ್ಕೆ 317, ಬಲಕ್ಕೆ 314 ಇರುವ ಇನ್ನೊಂದು ನೋಟು ಇದೇ ಊರಿನಲ್ಲಿ ಯಾರದ್ದೋ ಜೇಬಿನಲ್ಲಿದ್ದರೂ ಇರಬಹುದು.

ಈಗ ಚಿಲ್ಲರೆ ಬಂದಾಗಲೆಲ್ಲ ಮೊದಲು ಟೇಪು ಹುಡುಕುತ್ತೇನೆ.