ಪಂಟನಾಲ್‌ಗೆ ಡಿಸೆಂಬರ್ ರಜೆಯಲ್ಲಿ ಹೋಗಬಹುದೇ?

ಪ್ರಶ್ನೆ: ಬ್ರೆಜಿಲ್‌ನ ಪಂಟನಾಲ್‌ನಲ್ಲಿ ಜಾಗ್ವಾರ್ ನೋಡುವ ಆಸೆ. ಮಕ್ಕಳಿಗೆ ಕ್ರಿಸ್‌ಮಸ್ ರಜೆ, ಅಲ್ಲಿ ಆಗ ಮಳೆಗಾಲವಂತೆ. ಜೌಗು ಪ್ರದೇಶ ಅಂದಮೇಲೆ ನೀರು ತುಂಬಿದಾಗಲೇ ಪ್ರಾಣಿಗಳು ಜಾಸ್ತಿ ಕಾಣುತ್ತವಲ್ಲವೇ?

ಉತ್ತರ: ಇಲ್ಲ. ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಬದಲಾಗುವುದಿಲ್ಲ. ಈ ಸಲ ಬಿಡಿಸಿಯೇ ಹೇಳಿಬಿಡುತ್ತೇವೆ.

ಕಬಿನಿಗೆ ಹೋಗಿ ಬಂದವರಿಗೆ ಅರ್ಧ ಉತ್ತರ ಗೊತ್ತೇ ಇದೆ. ಆನೆಗಳು ಹಿಂಡು ಹಿಂಡಾಗಿ ಹಿನ್ನೀರಿನ ದಂಡೆಗೆ ಇಳಿಯುವುದು ಆಗಸ್ಟಿನಲ್ಲಲ್ಲ, ಏಪ್ರಿಲ್‌ನಲ್ಲಿ. ಕಾಡಿನೊಳಗಿನ ಕೆರೆಕಟ್ಟೆ ಬತ್ತಿ, ಜಲಾಶಯದ ನೀರು ಹಿಂದೆ ಸರಿದು, ಅಲ್ಲಿ ಹಸಿ ಹುಲ್ಲು ಚಿಗುರಿದಾಗ. ಪಂಟನಾಲ್‌ನದೂ ಇದೇ ಲೆಕ್ಕ, ಅಳತೆ ಮಾತ್ರ ಬೇರೆ. ಒಂದೂವರೆ ಲಕ್ಷ ಚದರ ಕಿಲೋಮೀಟರ್ ಎಂದು ಕೈ ಹಿಡಿದು ಲೆಕ್ಕ ಹಾಕಿದರೂ ಕರ್ನಾಟಕದ ಮುಕ್ಕಾಲು ಪಾಲಿಗಿಂತ ಹೆಚ್ಚಾಯಿತು.

ಅದು ವರ್ಷವಿಡೀ ಕೆಸರಾಗಿರುವ ಜಾಗವಲ್ಲ. ಬಹುಪಾಲು ಖಾಸಗಿಯವರ ದನದ ಫಾರ್ಮುಗಳಿರುವ ಬಯಲು. ವರ್ಷದಲ್ಲಿ ಕೆಲವು ತಿಂಗಳು ಮುಳುಗುತ್ತದೆ, ಮತ್ತೆ ಒಣಗುತ್ತದೆ. ಮುಳುಗಿದಾಗ ಪ್ರಾಣಿಗಳಿಗೆ ಎಲ್ಲೆಡೆ ನೀರು, ಎಲ್ಲೆಡೆ ಮೇವು. ಅವು ನದಿಯಂಚಿಗೆ ಬಂದು ನಮಗೆ ದರ್ಶನ ಕೊಡಬೇಕಾದ ಯಾವ ದರ್ದೂ ಇಲ್ಲ. ಮರಳುದಿಬ್ಬಗಳು ನೀರಿನಡಿ ಹೋಗಿರುತ್ತವೆ, ಜಾಗ್ವಾರ್ ಒಳನಾಡಿನ ಎತ್ತರದ ತೋಪುಗಳಲ್ಲಿ ಎಲ್ಲೋ ಇರುತ್ತದೆ, ನಿಮಗೆ ಸಿಗುವುದು ಸೊಳ್ಳೆ.

ಆಗಸ್ಟಿನಲ್ಲಿ ಅದೇ ಜಾಗ ನೋಡಿ. ರಸ್ತೆಬದಿಯ ಸೇತುವೆಯ ಕೆಳಗೆ ಒಂದು ಅಂಗಳದಷ್ಟು ಅಗಲದ ಹೊಂಡ ಉಳಿದಿರುತ್ತದೆ. ಅದರೊಳಗೆ ಮೀನು ಒತ್ತೊತ್ತಾಗಿ ಸಿಕ್ಕಿಬಿದ್ದಿರುತ್ತದೆ. ಅಂಚಿನಲ್ಲಿ ಹತ್ತಿಪ್ಪತ್ತು ಕೇಮನ್ ಮೊಸಳೆಗಳು ಬಾಯಿ ತೆರೆದು ಮಲಗಿರುತ್ತವೆ. ಅವುಗಳ ನಡುವೆಯೇ ಜಬಿರು ಕೊಕ್ಕರೆ, ಕಪ್ಪು ಕತ್ತು, ಬುಡದಲ್ಲಿ ಕೆಂಪು ಪಟ್ಟಿ, ಕೆಸರಿಗೆ ಕೊಕ್ಕು ಚುಚ್ಚುತ್ತಾ ನಡೆಯುತ್ತದೆ. ಆ ಕೇಮನ್‌ಗಳನ್ನು, ಹಂದಿಯಷ್ಟು ದೊಡ್ಡ ಇಲಿಜಾತಿಯ ಕ್ಯಾಪಿಬರಾಗಳನ್ನು ಹಿಡಿಯಲೆಂದೇ ಜಾಗ್ವಾರ್ ನದಿದಂಡೆಗೆ ಬರುತ್ತದೆ.

ಹಾಗಾದರೆ ಮಳೆ ನಿಂತ ಮೇಲೆ, ಏಪ್ರಿಲ್-ಮೇ ಬೇಸಿಗೆ ರಜೆಗೆ ಹೋಗೋಣವೇ ಎಂದು ಮುಂದಿನ ಪತ್ರ ಬರುತ್ತದೆ. ಅದೂ ಬೇಡ. ಇಲ್ಲಿನ ನೆಲದ ಇಳಿಜಾರು ಕಿಲೋಮೀಟರಿಗೆ ಕೆಲವೇ ಸೆಂಟಿಮೀಟರ್. ಉತ್ತರದಲ್ಲಿ ಬಿದ್ದ ಮಳೆ ದಕ್ಷಿಣಕ್ಕೆ ತೆವಳಿಕೊಂಡು ಹೋಗಲು ತಿಂಗಳುಗಳೇ ಬೇಕು. ಹಾಗಾಗಿ ಆಕಾಶದಲ್ಲಿ ಮೋಡವೇ ಇಲ್ಲದ ಮೇ-ಜೂನ್‌ನಲ್ಲಿ ದಕ್ಷಿಣ ಪಂಟನಾಲ್‌ಗೆ ನೆರೆ ಬಂದಿರುತ್ತದೆ. ಜಾಗ್ವಾರ್ ನೋಡಲು ಹೋಗುವ ಉತ್ತರ ಭಾಗಕ್ಕೆ ಜುಲೈನಿಂದ ಅಕ್ಟೋಬರ್ ಮೊದಲರ್ಧದವರೆಗೆ ಸರಿಯಾದ ಕಾಲ. ಶಾಲೆಗೆ ರಜೆ ಹಾಕಿಸಲು ಆಗದವರಿಗೆ ದಸರಾ ರಜೆ ಇದೆಯಲ್ಲ! ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಅಷ್ಟೇ.

ದಾರಿ: ಸಾವ್ ಪಾವ್ಲೊಗೆ ಹೋಗಿ ಅಲ್ಲಿಂದ ಕುಯಾಬಾಗೆ ಇನ್ನೊಂದು ವಿಮಾನ. ನಂತರ ಸುಮಾರು 100 ಕಿ.ಮೀ. ದೂರದ ಪೊಕೊನೆ ಪಟ್ಟಣ. ಅಲ್ಲಿ ಟ್ಯಾಂಕ್ ತುಂಬಿಸಿ, ನಗದು ಇಟ್ಟುಕೊಂಡು ಟ್ರಾನ್ಸ್‌ಪಂಟನೇರಾ ರಸ್ತೆ ಹಿಡಿಯಿರಿ. ಜಾಗ್ವಾರ್ ನೋಡುವ ದೋಣಿಗಳು ಹೊರಡುವ ಪೋರ್ಟೊ ಜೊಫ್ರೆವರೆಗೆ ಸುಮಾರು 147 ಕಿ.ಮೀ. ಮಣ್ಣುರಸ್ತೆ, ನೂರಕ್ಕೂ ಹೆಚ್ಚು ಸೇತುವೆ. ಒಂದೇ ಉಸಿರಿಗೆ ಓಡಿಸಬೇಡಿ. ನಡುದಾರಿಯ ಲಾಡ್ಜಿನಲ್ಲಿ ಎರಡು ರಾತ್ರಿ ಇದ್ದರೆ ನೀಲಿ ಮಕಾವ್ ಗಿಣಿ, ಅದೃಷ್ಟವಿದ್ದರೆ ಗಿಡ್ಡ ಸೊಂಡಿಲಿನ ಟೇಪಿರ್ ಕಾಣಬಹುದು. ಜೊಫ್ರೆಯಲ್ಲಿ ಕನಿಷ್ಠ ಮೂರು ರಾತ್ರಿ, ಏಕೆಂದರೆ ದೋಣಿಯಲ್ಲಿ ಒಂದು ದಿನ ಖಾಲಿ ಹೋದರೂ ಇನ್ನೊಂದು ದಿನ ಉಳಿದಿರುತ್ತದೆ. ದೋಣಿ ನಡೆಸುವವರು ರೇಡಿಯೊದಲ್ಲಿ ಸುದ್ದಿ ಹಂಚಿಕೊಳ್ಳುವುದರಿಂದ ಒಂದು ಜಾಗ್ವಾರ್ ಸುತ್ತ ಹತ್ತಾರು ದೋಣಿ ಸೇರುವುದೂ ಉಂಟು, ಬೇಸರ ಬೇಡ. ಟ್ರೈಪಾಡ್ ದೋಣಿಯಲ್ಲಿ ಕೆಲಸಕ್ಕೆ ಬಾರದು, ಕ್ಯಾಮೆರಾಗೆ 100-400 ಮಿ.ಮೀ. ಲೆನ್ಸ್ ಧಾರಾಳ. ಜುಲೈ-ಆಗಸ್ಟಿನಲ್ಲಿ ದಕ್ಷಿಣದಿಂದ ಶೀತಗಾಳಿ ಬೀಸಿದರೆ ಉಷ್ಣಾಂಶ ಒಂದೇ ರಾತ್ರಿಯಲ್ಲಿ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಬೆಳಗ್ಗೆ ತೆರೆದ ದೋಣಿಯಲ್ಲಿ ಸ್ವೆಟರ್ ಸಾಲದು, ಗಾಳಿ ತಡೆಯುವ ಜಾಕೆಟ್ ಬೇಕು.

ವೀಸಾ ಮಾಡಿಸುವುದು ಎಲ್ಲರಿಗೂ ನೆನಪಿರುತ್ತದೆ, ಹಳದಿ ಜ್ವರದ ಲಸಿಕೆ ಮರೆಯುತ್ತಾರೆ. ಆ ಪ್ರಮಾಣಪತ್ರ ಕೇಳುವುದು ಮುಖ್ಯವಾಗಿ ವಾಪಸ್ ಬರುವಾಗ, ನಮ್ಮದೇ ವಿಮಾನ ನಿಲ್ದಾಣದಲ್ಲಿ. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು, ಹತ್ತು ದಿನ ಕಳೆದ ಮೇಲಷ್ಟೇ ಪತ್ರಕ್ಕೆ ಮಾನ್ಯತೆ. ಮೊಟ್ಟೆ ಅಲರ್ಜಿ ಇದ್ದವರು, ಅರವತ್ತು ದಾಟಿದವರು ಮೊದಲು ವೈದ್ಯರನ್ನು ಕೇಳಿ.

ಕೇಳದಿದ್ದರೂ ಇನ್ನೊಂದು ಮಾತು. ಜಾಗ್ವಾರ್ ಚಿರತೆಯಲ್ಲ. ಚಿರತೆಯ ಮೈಮೇಲಿನ ಉಂಗುರಗಳ ಒಳಗೆ ಖಾಲಿ. ಜಾಗ್ವಾರ್‌ನ ದೊಡ್ಡ ಉಂಗುರಗಳೊಳಗೆ ಚುಕ್ಕೆಗಳಿರುತ್ತವೆ. ತಲೆ ದಪ್ಪ, ಕಾಲು ಗಿಡ್ಡ, ಪಂಟನಾಲ್‌ನ ಗಂಡು ನೂರು ಕಿಲೋ ದಾಟುವುದುಂಟು. ಚಿರತೆ ಕುತ್ತಿಗೆ ಹಿಡಿದರೆ ಇದು ಕೇಮನ್‌ನ ತಲೆಬುರುಡೆಗೇ ಹಲ್ಲು ಇಳಿಸುತ್ತದೆ. ಕಬಿನಿಯ ಕರಿಚಿರತೆಯ ಗುಂಗಿನಲ್ಲಿ ಕಪ್ಪು ಜಾಗ್ವಾರ್ ತೋರಿಸಿ ಎಂದು ಗೈಡ್‌ಗಳನ್ನು ಪೀಡಿಸಬೇಡಿ. ಅದು ಅಮೆಜಾನ್‌ನ ದಟ್ಟ ಕಾಡಿನ ಕಡೆಯ ಮಾತು.