ಪಾಪ್-ಅಪ್ ಹೆಡ್‌ಲೈಟ್ ಕಿತ್ತು ಗ್ಲಾಸ್ ಮುಚ್ಚುವ ಮೊದಲು

ಕಳೆದ ಮಳೆಗಾಲದಲ್ಲಿ ಉಪ್ಪಳದ ಕಡೆಯಿಂದ ಒಂದು ಕಾರು ನಮ್ಮ ಗ್ಯಾರೇಜಿಗೆ ಬಂತು. ಮಾಜ್ದಾ ಎಂಎಕ್ಸ್-5, 1991ರ ಗಾಡಿ. ಅಮೆರಿಕದಿಂದ ಶಾರ್ಜಾಕ್ಕೆ ಹೋಗಿ, ಅಲ್ಲಿಂದ ಕಾರ್ನೆಟ್ (ಸುಂಕ ಕಟ್ಟದೆ ಸ್ವಲ್ಪ ಕಾಲಕ್ಕೆ ಗಾಡಿ ತರುವ ಕಾಗದ) ಮಾಡಿಸಿ ರಜೆಗೆ ಊರಿಗೆ ತಂದದ್ದು. ಸ್ಟೇರಿಂಗ್ ಎಡಗಡೆ. ಹೆಡ್‌ಲೈಟ್ ಪಾಪ್-ಅಪ್, ಅಂದರೆ ಮೂತಿಯೊಳಗೆ ಮಲಗಿದ್ದು ಬೇಕಾದಾಗ ಮೇಲೇಳುವಂಥದ್ದು. ಒಂದು ಲೈಟ್ ಮೇಲೆದ್ದು ನಿಂತಿದೆ, ಇನ್ನೊಂದು ಮಲಗಿಯೇ ಇದೆ. ಹೊರಗೆ ಜಡಿಮಳೆ, ಹೊತ್ತು ಮುಳುಗುವ ಸಮಯ. ಓಡಿಸಿಕೊಂಡು ಬಂದ ಹುಡುಗ ಕೇಳಿದ್ದು ಒಂದೇ ಮಾತು: "ಅಣ್ಣಾ, ಈ ಏಳುವ ಲೈಟೆಲ್ಲ ಕಿತ್ತು ಫಿಕ್ಸ್ ಲೈಟ್ ಕೂರಿಸಿ, ಮೇಲಿಂದ ಗ್ಲಾಸ್ ಮುಚ್ಚಿದರೆ ಆಗದಾ?"

ಆಗುತ್ತದೆ. ಶಾರ್ಜಾದ ಗ್ಯಾರೇಜಲ್ಲಿ ಇದ್ದಾಗ ಅಂಥ ಕೆಲಸಕ್ಕೆ ನಾನೂ ಕೈ ಹಾಕಿದ್ದೇನೆ. ಆದರೆ ಈ ಲೈಟು ಮೊದಲು ಯಾಕೆ ಏಳತೊಡಗಿತು ಅಂತ ತಿಳಿಯದೆ ಕಿತ್ತರೆ, ಅದು ಯಾವ ತೊಂದರೆಗೆ ಉತ್ತರವಾಗಿತ್ತೋ ಆ ತೊಂದರೆ ತಿರುಗಿ ನಮ್ಮ ತಲೆ ಮೇಲೆ ಬರುತ್ತದೆ. ಚಂದಕ್ಕೆ ಮಾಡಿದ್ದು ಅಂತ ಹೆಚ್ಚಿನವರು ಅಂದುಕೊಂಡಿದ್ದಾರೆ. ಶುರುವಾದದ್ದು ಚಂದಕ್ಕೇ, ನಿಜ. ಆದರೆ ಸ್ಪೋರ್ಟ್ಸ್ ಕಾರುಗಳಲ್ಲಿ ಅದು ಅಷ್ಟು ವರ್ಷ ಉಳಿದದ್ದು ಕಾನೂನಿನಿಂದ.

ಮೊದಲು ಹೆಸರು ಮಾಡಿದ್ದು 1936ರ ಕಾರ್ಡ್ 810. ಗೋರ್ಡನ್ ಬ್ಯೂರಿಗ್ ಅಂತ ಅದರ ಡಿಸೈನರ್. ವಿಮಾನ ಇಳಿಯುವಾಗ ಬಳಸುವ ಲೈಟನ್ನೇ ತಂದು ಮಡ್‌ಗಾರ್ಡ್ ಒಳಗೆ ಅಡಗಿಸಿದರು. ಮೋಟಾರ್ ಇಲ್ಲ, ಡ್ಯಾಶ್‌ಬೋರ್ಡಲ್ಲಿ ಎರಡು ಕೈ ಹಿಡಿ, ಬಾವಿ ರಾಟೆಯ ಹಾಗೆ ತಿರುಗಿಸಬೇಕು. 1942ರಲ್ಲಿ ಡಿಸೋಟೋ ಕೂಡ ಅಡಗುವ ಲೈಟ್ ಕೊಟ್ಟಿತು. ಅಲ್ಲಿಗೆ ಯುದ್ಧ ಬಂತು, ಸುಮಾರು 20 ವರ್ಷ ಯಾರೂ ಈ ಸುದ್ದಿಗೆ ಹೋಗಲಿಲ್ಲ ಅನ್ನಬಹುದು.

ಅಷ್ಟರೊಳಗೆ ಇನ್ನೊಂದು ದೊಡ್ಡ ಬದಲಾವಣೆ ಆಗಿತ್ತು. ಅದುವರೆಗೆ ಒಂದೊಂದು ಕಂಪೆನಿಗೆ ಒಂದೊಂದು ಲೈಟು. ರಿಫ್ಲೆಕ್ಟರಿಗೆ ಧೂಳು, ನೀರು ಹೊಕ್ಕು ಕಪ್ಪಾಗುತ್ತಿತ್ತು, ವರ್ಷ ಎರಡು ವರ್ಷದಲ್ಲಿ ಬೆಳಕು ಅರ್ಧಕ್ಕೆ ಇಳಿಯುತ್ತಿತ್ತು. ಅದಕ್ಕೆ 1940ರಿಂದ ಅಮೆರಿಕದಲ್ಲಿ ಎಲ್ಲ ಕಾರಿಗೂ ಒಂದೇ ಅಳತೆ: 7 ಇಂಚಿನ ಗುಂಡನೆಯ ಸೀಲ್ಡ್ ಬೀಮ್, ಬದಿಗೊಂದು. ಗ್ಲಾಸು, ರಿಫ್ಲೆಕ್ಟರು, ತಂತಿ ಎಲ್ಲ ಸೇರಿ ಒಂದೇ ತುಂಡು. ಸುಟ್ಟರೆ ಇಡೀ ತುಂಡೇ ಬದಲು. ಯಾವ ಊರಿನ ಅಂಗಡಿಯಲ್ಲೂ ಸಿಗುವ ಸಾಮಾನು. ಆ 7 ಇಂಚು ನಮಗೂ ಹೊಸದಲ್ಲ, ಅಲ್ವಾ? ಅಂಬಾಸಿಡರಿಗೆ ಇದ್ದದ್ದು ಅದೇ. ನಮ್ಮ ಗುಡ್ಡದ ದಾರಿಯಲ್ಲಿ ಅಡಿಕೆ ಮೂಟೆ ಹೊತ್ತು ಹತ್ತುತ್ತಿದ್ದ ಜೀಪಿಗೂ ಅದೇ.

ಒಳ್ಳೆಯ ನಿಯಮವೇ. ಆದರೆ ಸ್ಪೋರ್ಟ್ಸ್ ಕಾರು ಮಾಡುವವರಿಗೆ ಇದು ಕುತ್ತಿಗೆಗೆ ಬಂತು. ಗಾಳಿ ಸೀಳಬೇಕಾದರೆ ಮೂತಿ ತಗ್ಗಿರಬೇಕು, ತೆಳ್ಳಗಿರಬೇಕು. ತೆಳ್ಳಗಿನ ಮೂತಿಯಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಲೈಟನ್ನು ಎಲ್ಲಿ ಇಡುವುದು? ಅದರ ಮೇಲೆ ಎತ್ತರದ ನಿಯಮ ಬೇರೆ. ಈಗ ಅಮೆರಿಕದಲ್ಲಿ ಹೆಡ್‌ಲೈಟ್ ನೆಲದಿಂದ 22 ಇಂಚಿಗಿಂತ ಕೆಳಗೆ ಇರಬಾರದು, ಅಂದರೆ ಸುಮಾರು 56 ಸೆಂಟಿಮೀಟರ್. ಯುರೋಪಿನ ನಿಯಮದಲ್ಲಿ ಡಿಮ್ ಲೈಟಿಗೆ 50 ಸೆಂಟಿಮೀಟರ್.

ಎತ್ತರ ಯಾಕೆ ಇಷ್ಟು ಮುಖ್ಯ ಅಂತ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಡಿಮ್ ಬೆಳಕನ್ನು ಸಾಮಾನ್ಯವಾಗಿ 100ಕ್ಕೆ 1ರಂತೆ ಕೆಳಗೆ ಬಗ್ಗಿಸುತ್ತೇವೆ, 10 ಮೀಟರ್ ದೂರಕ್ಕೆ 10 ಸೆಂಟಿಮೀಟರ್ ಇಳಿಯಬೇಕು. ಲೈಟ್ 70 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಬೆಳಕಿನ ಗೆರೆ 70 ಮೀಟರ್ ಆಚೆ ರಸ್ತೆಗೆ ತಾಗುತ್ತದೆ. 50ರಲ್ಲಿದ್ದರೆ 50 ಮೀಟರಿಗೇ ಮುಗಿಯಿತು. 80ರ ಸ್ಪೀಡಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಂದರೆ ಲೈಟನ್ನು ಬರೀ ಒಂದು ಗೇಣು ಇಳಿಸಿದರೆ, ಎದುರು ಅಡ್ಡ ಬಂದ ದನ ಕಾಣುವುದು ಹತ್ತಿರ ಹತ್ತಿರ ಒಂದು ಸೆಕೆಂಡ್ ತಡವಾಗಿ. ತಡವಾಯಿತು ಅಂತ ಲೈಟನ್ನು ಮೇಲೆ ಎತ್ತಿ ಕಟ್ಟಿದರೆ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಈ ಲೆಕ್ಕವನ್ನು ಎಲ್‌ಇಡಿ ಹಾಕಿ ದಾಟಲಿಕ್ಕೆ ಆಗುವುದಿಲ್ಲ, ಎಷ್ಟು ವ್ಯಾಟ್ ಹಾಕಿದರೂ ಆಗುವುದಿಲ್ಲ.

ಹಾಗಾಗಿ, ಹಗಲು ಮಲಗಿಸಿ ರಾತ್ರಿ ಎಬ್ಬಿಸುವ ಉಪಾಯ. 1962ರಲ್ಲಿ ಲೋಟಸ್ ಎಲಾನ್ ಬಂತು. ಎಂಜಿನ್ನಿನ ವ್ಯಾಕ್ಯೂಮ್ ಎಳೆತದಿಂದ ಲೈಟ್ ಏಳುತ್ತಿತ್ತು, ಮೊದಮೊದಲ ಗಾಡಿಗಳಲ್ಲಿ ಪೈಪ್ ಸೋರಿದರೆ ಓಡುತ್ತಿರುವಾಗಲೇ ಕಣ್ಣು ಮುಚ್ಚಿಬಿಡುತ್ತಿತ್ತು. ಆಮೇಲಿನ ಎಲಾನ್‌ಗಳಲ್ಲಿ ಅದನ್ನು ಉಲ್ಟಾ ಮಾಡಿದರು: ವ್ಯಾಕ್ಯೂಮ್ ಹೋದರೆ ಸ್ಪ್ರಿಂಗ್ ಲೈಟನ್ನು ಮೇಲೆತ್ತುತ್ತದೆ. ಕೆಟ್ಟರೆ ತೆರೆದ ಕಡೆಗೆ ಕೆಡಬೇಕು, ಮುಚ್ಚಿದ ಕಡೆಗೆ ಅಲ್ಲ. ನನಗೆ ಬಹಳ ಮೆಚ್ಚಿಗೆಯಾದ ಬುದ್ಧಿ ಇದು. 1963ರಲ್ಲಿ ಕಾರ್ವೆಟ್ ತಿರುಗುವ ಲೈಟ್ ತಂದಿತು. 1967ರ ಟೊಯೋಟಾ 2000ಜಿಟಿ ನೋಡಿದರಂತೂ ವಿಷಯ ಪೂರಾ ಗೊತ್ತಾಗುತ್ತದೆ. ಅದರ ಮೂತಿಯಲ್ಲಿ ಗ್ಲಾಸ್ ಮುಚ್ಚಿದ ದೊಡ್ಡ ಲೈಟ್ ಎರಡು ಮೊದಲೇ ಇವೆ! ಆದರೆ ಅವು ಹೆಡ್‌ಲೈಟ್ ಅಲ್ಲ, ಎತ್ತರ ಸಾಲದು. ನಿಜವಾದ ಹೆಡ್‌ಲೈಟ್ ಅದರ ಹಿಂದೆ ಬೇರೆಯಾಗಿ ಏಳುತ್ತದೆ.

ಇನ್ನು ಗ್ಲಾಸಿನ ವಿಷಯ. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪಿಗೆ ಲೈಟಿನ ಮೇಲೆ ಓರೆಯಾದ ಗ್ಲಾಸ್ ಇತ್ತು. ಈಗಲೂ ಆ ಕಾರಿನ ಚಂದವೇ ಅದು. 1968ರಿಂದ ಜಾರಿಯಾದ ಅಮೆರಿಕದ ಸುರಕ್ಷತಾ ನಿಯಮ ಹೆಡ್‌ಲೈಟಿನ ಮುಂದೆ ಇಂಥ ಮುಚ್ಚಳ ಇರಕೂಡದು ಅಂದಿತು, ಜಾಗ್ವಾರ್ ಗ್ಲಾಸ್ ತೆಗೆಯಬೇಕಾಯಿತು. ಸುಮ್ನೆ ಹಾಕಿದ ನಿಯಮ ಅಲ್ಲ ಇದು. ತುಂಬ ಓರೆಯಾದ ಗ್ಲಾಸಿಗೆ ಬಿದ್ದ ಬೆಳಕಲ್ಲಿ ಒಂದು ಪಾಲು ಹಿಂದಕ್ಕೆ ಹೊಡೆಯುತ್ತದೆ, ಇನ್ನೊಂದು ಪಾಲು ಚೆದುರುತ್ತದೆ, ಮೇಲೆ ಕೆಸರು ಕೂತರೆ ಕೇಳುವುದೇ ಬೇಡ. ಫೆರಾರಿ ಡೇಟೋನಾದ ಕಥೆಯೂ ಹೀಗೇ. 1968ರಲ್ಲಿ ಪಾರದರ್ಶಕ ಅಕ್ರಿಲಿಕ್ ಹಿಂದೆ ಫಿಕ್ಸ್ ಲೈಟ್ ಇಟ್ಟುಕೊಂಡು ಬಂದ ಕಾರು, 1971ರ ಹೊತ್ತಿಗೆ ಪಾಪ್-ಅಪ್ ಆಯಿತು. ಇವತ್ತು ಈ ಹುಡುಗ ಕೇಳಿದ ಕೆಲಸವನ್ನು ಫೆರಾರಿಯವರೇ ಉಲ್ಟಾ ಮಾಡಿದ್ದರು.

ಕಾನೂನೇ ಕಾರಣ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಬೇಕಾದರೆ 1985ರ ಹೋಂಡಾ ಅಕಾರ್ಡ್ ನೋಡಿ. ಅದು ಸ್ಪೋರ್ಟ್ಸ್ ಕಾರೇ ಅಲ್ಲ, ಮನೆಮಂದಿಯ ಗಾಡಿ. ಅಮೆರಿಕಕ್ಕೆ ಹೋದದ್ದಕ್ಕೆ ಏಳುವ ಲೈಟು, ಯುರೋಪಿಗೆ ಹೋದ ಸೆಡಾನಿಗೆ ಫಿಕ್ಸ್ ಲೈಟು. ಜಪಾನಿನಲ್ಲಿ ಒಂದೇ ಕಾರಿಗೆ ಎರಡು ಮೂತಿ ಮಾಡಿ ಮಾರಿದ್ದೂ ಉಂಟು, ಟೊಯೋಟಾ ಎಇ86ರಲ್ಲಿ ಟ್ರೂಯೆನೋ ಅಂದರೆ ಏಳುವ ಲೈಟ್, ಲೆವಿನ್ ಅಂದರೆ ಫಿಕ್ಸ್. ನಿಸ್ಸಾನಿನಲ್ಲಿ 180ಎಸ್‌ಎಕ್ಸ್ ಏಳುವುದು, ಅದರ ಅಕ್ಕತಂಗಿ ಸಿಲ್ವಿಯಾ ಫಿಕ್ಸ್. ಮೂತಿ ಜಖಂ ಆದ 180ಕ್ಕೆ ಸಿಲ್ವಿಯಾದ ಮೂತಿ ಜೋಡಿಸಿದವರಿಂದಲೇ 'ಸಿಲ್-ಎಯ್ಟಿ' ಅನ್ನುವ ಹೆಸರು ಹುಟ್ಟಿದ್ದು. ಬದಲಾಯಿಸುವುದಾದರೆ ಇದೇ ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ. ಆ ಮೂತಿ, ಆ ಲೈಟು, ಆ ಎತ್ತರ ಎಲ್ಲ ಕಂಪೆನಿಯವರೇ ಲೆಕ್ಕ ಹಾಕಿ ಮಾಡಿದ್ದು.

1983ರಲ್ಲಿ ಅಮೆರಿಕ ನಿಯಮ ಸಡಿಲ ಮಾಡಿತು. ಕಾರಿನ ಮೂತಿಗೆ ತಕ್ಕ ಆಕಾರದ ಲೈಟ್ ಮಾಡಬಹುದು, ಬಲ್ಬ್ ಮಾತ್ರ ಬದಲಿಸಿದರೆ ಸಾಕು. 1984ರ ಲಿಂಕನ್ ಮಾರ್ಕ್ 7 ಅದರ ಮೊದಲ ಗಿರಾಕಿ. ಅಲ್ಲಿಗೆ ಪಾಪ್-ಅಪ್ ಇರಬೇಕಾದ ಮುಖ್ಯ ಕಾರಣವೇ ಹೋಯಿತು. ಎದ್ದು ನಿಂತ ಲೈಟ್ ಗಾಳಿಗೆ ತಡೆ, ಮೋಟಾರು ಲಿಂಕು ಎಲ್ಲ ಸೇರಿ ತೂಕ ಜಾಸ್ತಿ, ರಿಪೇರಿ ಜಾಸ್ತಿ. 1998ರಲ್ಲಿ ಎಂಎಕ್ಸ್-5 ಪಾಪ್-ಅಪ್ಪನ್ನು ಕೈಬಿಟ್ಟಿತು. ಲಂಬೋರ್ಗಿನಿ ಡಯಾಬ್ಲೋ 1999ರ ಮಾಡೆಲಿಗೆ ನಿಸ್ಸಾನ್ 300ಝಡ್‌ಎಕ್ಸ್ ಕಾರಿನ ಲೈಟನ್ನೇ ತಂದು ಕೂರಿಸಿತು. ಹೋಂಡಾ ಎನ್‌ಎಸ್‌ಎಕ್ಸ್ 2002ರ ಮಾಡೆಲಿಗೆ ಬಿಟ್ಟಿತು, ಹಳೆಯ ಎನ್‌ಎಸ್‌ಎಕ್ಸ್‌ಗೆ ಆ ಹೊಸ ಮೂತಿ ಹಾಕಿಸುವವರು ಈಗಲೂ ಇದ್ದಾರೆ. ಕೊನೆಗೆ 2004ರಲ್ಲಿ ಕಾರ್ವೆಟ್ ಸಿ5 ಮತ್ತು ಲೋಟಸ್ ಎಸ್ಪ್ರಿಯ ಜೊತೆ ಮುಗಿಯಿತು. ಪಾಪ್-ಅಪ್ ಬ್ಯಾನ್ ಆಗಿದೆ ಅಂತ ತುಂಬ ಜನ ಹೇಳುತ್ತಾರೆ, ಅದು ತಪ್ಪು. ರಸ್ತೆಯಲ್ಲಿ ನಡೆಯುವವರಿಗೆ ಕಾರು ಬಡಿದರೆ ಪೆಟ್ಟು ಕಡಿಮೆಯಾಗಬೇಕು ಅನ್ನುವ ಯುರೋಪಿನ ನಿಯಮಗಳು ಬಂದ ಮೇಲೆ, ಚೂಪಾಗಿ ಎದ್ದು ನಿಲ್ಲುವ ಲೈಟಿನ ಜೊತೆ ಪಾಸಾಗುವುದು ಕಷ್ಟವಾಯಿತು, ಅಷ್ಟೇ.

ಈಗ ಕೆಲಸಕ್ಕೆ ಬರೋಣ. ಕೀಳುವುದು ಸುಲಭ: ಮೋಟಾರ್, ಲಿಂಕ್, ಮುಚ್ಚಳ, ರಿಲೇ. ಆ ಗುಂಡಿಯಲ್ಲಿ ಫೈಬರ್‌ನಿಂದ ಒಂದು ಗೂಡು ಮಾಡಬೇಕು. ನಮ್ಮ ಕಡಲಬದಿಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರ ಕೈಯಲ್ಲಿ ಆ ಕೆಲಸ ಬಹಳ ನಾಜೂಕಾಗಿ ಆಗುತ್ತದೆ. ಒಳಗೆ ಚಿಕ್ಕ ಪ್ರೊಜೆಕ್ಟರ್ ಲೈಟ್. ಮೇಲೆ ಮುಚ್ಚಳ. ಕಷ್ಟ ಶುರುವಾಗುವುದು ಇಲ್ಲಿ. ಅಕ್ರಿಲಿಕ್ ಶೀಟ್ ಗ್ಲಾಸಿನಷ್ಟು ತಿಳಿ, ಆದರೆ ಕಲ್ಲು ಸಿಡಿದರೆ ಸೀಳುತ್ತದೆ. ಪಾಲಿಕಾರ್ಬೊನೇಟ್ ಒಡೆಯುವುದಿಲ್ಲ, ಆದರೆ ಮೇಲೆ ಗಟ್ಟಿ ಕೋಟಿಂಗ್ ಇಲ್ಲದಿದ್ದರೆ ಬಿಸಿಲಿಗೆ ಹಳದಿಯಾಗುತ್ತದೆ, ಒರೆಸಿದಲ್ಲೆಲ್ಲ ಗೀರು. ನಾನು ಶಾರ್ಜಾದಲ್ಲಿ ಮುಚ್ಚಿದ ಒಂದು ಜೋಡಿ ಒಂದೇ ಬೇಸಿಗೆಯಲ್ಲಿ ಮಂಜಾಯಿತು, ಗಿರಾಕಿ ರಾತ್ರಿ ದಾರಿ ಕಾಣದೆ ವಾಪಸ್ ತಂದರು. ತಪ್ಪು ನನ್ನದೇ, ಅಗ್ಗದ ಶೀಟ್ ತಂದಿದ್ದೆ. ಇವತ್ತಿಗೂ ಅದನ್ನು ನೆನೆದರೆ ಬೇಜಾರಾಗುತ್ತದೆ.

ಅಲ್ಲಿ ಬಿಸಿಲು, ಇಲ್ಲಿ ನೀರು. ಕಾಸರಗೋಡಿಗೆ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ. ಗೂಡನ್ನು ಪೂರಾ ಸೀಲ್ ಮಾಡಿದರೆ ಒಳಗಿನ ಗಾಳಿ ಬಿಸಿಯಾಗಿ ತಣಿಯುವಾಗ ಎಲ್ಲಾದರೂ ಒಂದು ಸಂದಿಯಿಂದ ತೇವ ಎಳೆದುಕೊಳ್ಳುತ್ತದೆ, ಗ್ಲಾಸಿನ ಒಳಗೆ ಬೆವರು. ಆದ್ದರಿಂದ ಕೆಳಗೆ ಹಿಂದಗಡೆ ಉಸಿರಾಡುವ ತೂತು ಬಿಡಬೇಕು, ನೀರು ಚಿಮ್ಮದ ಹಾಗೆ ಬಗ್ಗಿಸಿದ ಪೈಪ್ ಹಾಕಬೇಕು.

ಇನ್ನೊಂದು ವಿಷಯವನ್ನು ಗಲ್ಫ್‌ನಿಂದ ಲೈಟ್ ತರಿಸುವವರು ಮರೆತೇಬಿಡುತ್ತಾರೆ. ಅಲ್ಲಿ ಬಲಬದಿಯಲ್ಲಿ ಓಡಿಸುತ್ತಾರೆ. ಹಾಗಾಗಿ ಆ ಲೈಟಿನ ಡಿಮ್ ಬೆಳಕು ಬಲದ ಅಂಚಿಗೆ ಜಾಸ್ತಿ ಚೆಲ್ಲುತ್ತದೆ. ನಮ್ಮಲ್ಲಿ ಬಲಕ್ಕೆ ಬರುವುದು ಎದುರಿನ ಗಾಡಿ. ತಲಪಾಡಿಯಿಂದ ಈಚೆ ಆರು ಪಥದ ಹೈವೇಯಲ್ಲಿ ನಡುವೆ ತಡೆ ಇದೆ, ಪರವಾಗಿಲ್ಲ. ಬದಿಯಡ್ಕ, ಪೆರ್ಲ ಕಡೆಯ ತಿರುವಿನಲ್ಲಿ ಎದುರು ಬರುವ ಸ್ಕೂಟರಿನವನಿಗೆ ಆ ಬೆಳಕು ಹೊಡೆದರೆ ಅವನು ನೇರ ಚರಂಡಿಗೆ.

ಕೆಎಲ್-14, ಅಂದರೆ ಕಾಸರಗೋಡಿನ ನಂಬರಿನ ಗಾಡಿಯಾದರೆ ಕಾನೂನನ್ನೂ ನೋಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪೆನಿ ಕೊಟ್ಟ ಸ್ಪೆಸಿಫಿಕೇಶನ್ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದ್ದು ಕೇರಳದಿಂದಲೇ ಹೋದ ಕೇಸಿನಲ್ಲಿ, ಇಲ್ಲಿನ ಹೈಕೋರ್ಟಿನ ಆದೇಶವನ್ನು ರದ್ದು ಮಾಡಿ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಕಾರ್ನೆಟ್ ಗಾಡಿಯಂತೂ ತಂದ ಹಾಗೆ ತಿರುಗಿ ಹೋಗಬೇಕಾದದ್ದು.

ಆ ಹುಡುಗನಿಗೆ ಇದನ್ನೆಲ್ಲ ಚಾ ಕುಡಿಯುತ್ತಾ ಹೇಳಿದೆ. ಅವನ ಮುಖ ಸಣ್ಣಗಾಯಿತು. ಮೋಟಾರ್ ಬಿಚ್ಚಿದರೆ ಒಳಗೆ ಉಪ್ಪುಗಾಳಿಗೆ ಹಸಿರು ಹಿಡಿದ ಕಾಂಟ್ಯಾಕ್ಟ್, ಅಷ್ಟೇ ಕಾಯಿಲೆ. ಉಜ್ಜಿ ಗ್ರೀಸ್ ಹಾಕಿ ಕೂರಿಸಿದೆ. ಮೋಟಾರಿನ ಹಿಂದೆ ರಬ್ಬರ್ ಟೋಪಿಯ ಅಡಿಯಲ್ಲಿ ಒಂದು ಗುಬುಟು ಇದೆ, ಇನ್ನೊಮ್ಮೆ ಕೆಟ್ಟರೆ ಅದನ್ನು ಕೈಯಲ್ಲೇ ತಿರುಗಿಸಿ ಲೈಟ್ ಎಬ್ಬಿಸಬಹುದು ಅಂತ ತೋರಿಸಿಕೊಟ್ಟೆ. ಆಮೇಲೆ ಒಳಗಿದ್ದ ಲೈಟ್ ನೋಡಿದೆ. ಅದೇ 7 ಇಂಚಿನ ಸೀಲ್ಡ್ ಬೀಮ್! ಕಾಸರಗೋಡಿನ ಅಂಗಡಿಯಿಂದ ಜೀಪಿಗೆ ಹಾಕುವ 7 ಇಂಚಿನ ಲೈಟ್ ಒಂದು ಜೊತೆ ತರಿಸಿದೆವು, 60/55 ವ್ಯಾಟಿನ ಎಚ್4 ಬಲ್ಬ್. ಮೂರು ಪಿನ್ನಿನ ಪ್ಲಗ್ ಕೂಡ ಅದೇ, ಒಂದು ವಯರ್ ಕತ್ತರಿಸಬೇಕಾಗಲಿಲ್ಲ. ನಮ್ಮ ದಾರಿಗೆ ಎಡದ ಅಂಚಿಗೆ ಬೆಳಕು ಕೊಡುವ ಲೈಟು.

ಮಳೆ ಬಿಟ್ಟ ಮೇಲೆ ಗ್ಯಾರೇಜಿನ ಹಿಂದಿನ ಕೆಂಪುಕಲ್ಲಿನ ಗೋಡೆಯಿಂದ 10 ಮೀಟರ್ ದೂರ ಅಳೆದು ಕಾರು ನಿಲ್ಲಿಸಿ, ಲೈಟಿನ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗೆ ಸೀಮೆಸುಣ್ಣದ ಗೆರೆ ಎಳೆದೆವು. ಸ್ವಿಚ್ ಒತ್ತಿದ. ಎರಡೂ ಒಟ್ಟಿಗೆ ಎದ್ದವು. ಸ್ಕ್ರೂ ತಿರುಗಿಸಿ ಬೆಳಕನ್ನು ಗೆರೆಗೆ ತಂದೆ. ಹಳೆಯ ಸೀಲ್ಡ್ ಬೀಮ್ ಎರಡನ್ನೂ ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಟ್ಟೆ. ಶಾರ್ಜಾಕ್ಕೆ ವಾಪಸ್ ಹೋದ ಮೇಲೆ ಅಲ್ಲಿನ ದಾರಿಗೆ ಅವೇ ಬೇಕು.